ಸಂತೆಯ ಗುಣ ಕಲಿತ ಆನ್‌ಲೈನ್ ಅಂಗಡಿ

ಪಲ್ಲಾವರಂನ ಹಳೇ ಟ್ರಂಕ್ ರಸ್ತೆಯಲ್ಲಿ ಪ್ರತಿ ಶುಕ್ರವಾರ ಸಂತೆ ಸೇರುತ್ತದೆ. ಕಂಪ್ಯೂಟರಿನ ಹಳೆಯ ಬಿಡಿಭಾಗ, ಮರದ ಕುರ್ಚಿ, ಬಟ್ಟೆ, ಹೂವಿನ ಗಿಡ ಎಲ್ಲವೂ ಸಿಗುತ್ತವೆ. ಸಂತೆಯ ನಿಯಮ ಸರಳ: ನೋಡು, ಮುಟ್ಟು, ಚೌಕಾಸಿ ಮಾಡು, ಆಮೇಲೆ ದುಡ್ಡು ಕೊಡು. ಇದೇ ಊರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ವಾರದ ಏಳೂ ದಿನ ಡೆಲಿವರಿ ಹುಡುಗರ ಬೈಕು ನಿಂತಿರುತ್ತವೆ. ಅವರು ತರುವ ಪೊಟ್ಟಣದೊಳಗಿನ ವಸ್ತುವನ್ನು ಕೊಂಡವರು ಮುಟ್ಟಿ ನೋಡಿರುವುದಿಲ್ಲ. ಮುಟ್ಟದೆ ಏನನ್ನೂ ಕೊಳ್ಳದ ನಮ್ಮ ಜನ ಇಷ್ಟು ಬೇಗ ಬದಲಾದರೇ? ನನಗನಿಸುವಂತೆ, ಜನರಿಗಿಂತ ಹೆಚ್ಚು ಬದಲಾದದ್ದು ಅಂಗಡಿ.

ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಅಂಗಡಿ 1999ರಲ್ಲೇ ಶುರುವಾಗಿತ್ತು. ಆಗ ಇಂಟರ್‌ನೆಟ್ ಫೋನಿನ ತಂತಿಯಲ್ಲಿ ಕುಂಟುತ್ತಾ ಬರುತ್ತಿತ್ತು, ಕ್ರೆಡಿಟ್ ಕಾರ್ಡ್ ಇದ್ದವರು ಕಡಿಮೆ. ಮುಂದೆ ಅದನ್ನು ನಡೆಸುತ್ತಿದ್ದವರೇ ಫ್ಯಾಬ್‌ಮಾಲ್ ಹೆಸರಿನಲ್ಲಿ ಬೀದಿಬದಿಯ ದಿನಸಿ ಅಂಗಡಿಗಳನ್ನು ತೆರೆದರು. 2002ರಲ್ಲಿ ಐಆರ್‌ಸಿಟಿಸಿ ರೈಲು ಟಿಕೆಟ್ಟನ್ನು ಇಂಟರ್‌ನೆಟ್‌ನಲ್ಲಿ ಮಾರತೊಡಗಿತು. ನಮ್ಮಂಥ ಹೊರನಾಡಿನವರಲ್ಲಿ ಎಷ್ಟೋ ಮಂದಿಯ ಮೊದಲ ಆನ್‌ಲೈನ್ ಖರೀದಿ ಊರಿಗೆ ಹೋಗುವ ಟಿಕೆಟ್ಟೇ ಇರಬೇಕು. ಟಿಕೆಟ್ಟನ್ನು ಯಾರೂ ಹಿಚುಕಿ ನೋಡಿ ಆರಿಸುವುದಿಲ್ಲವಲ್ಲ! 2007ರಲ್ಲಿ ಕೋರಮಂಗಲದಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಪುಸ್ತಕದಿಂದ ವ್ಯಾಪಾರ ಶುರುಮಾಡಿದ್ದರಲ್ಲೂ ಇದೇ ಜಾಣತನ ಕಾಣುತ್ತದೆ. ಒಂದು ಪುಸ್ತಕದ ಪ್ರತಿ ಎಲ್ಲಿ ಕೊಂಡರೂ ಒಂದೇ.

ಸೀರೆ, ಚಪ್ಪಲಿ, ಮೊಬೈಲ್ ಹಾಗಲ್ಲ. ಅಲ್ಲಿ ನಂಬಿಕೆ ಬೇಕು. 2010ರಲ್ಲಿ ಫ್ಲಿಪ್‌ಕಾರ್ಟ್ 'ವಸ್ತು ಕೈಗೆ ಬಂದ ಮೇಲೆ ದುಡ್ಡು ಕೊಡಿ' ಎಂದಿತು. ಹಳಬರಿಗೆ ಇದು ಹೊಸದೇನಲ್ಲ. ಕನ್ನಡ ಪುಸ್ತಕಗಳನ್ನು ವಿ.ಪಿ.ಪಿ.ಯಲ್ಲಿ ತರಿಸಿಕೊಂಡು, ಪೋಸ್ಟ್‌ಮ್ಯಾನ್ ಕೈಗೆ ಹಣ ಕೊಟ್ಟವರು ಎಷ್ಟೋ ಜನ. ಸರಿಹೋಗದಿದ್ದರೆ ವಾಪಸ್ ಕಳಿಸುವ ಅನುಕೂಲವೂ ಬಂತು. ನೋಡಿ ಕೊಳ್ಳುವ ಸಂತೆಯ ಗುಣವನ್ನು ಅಂಗಡಿ ಹೀಗೆ ಮನೆ ಬಾಗಿಲಿಗೆ ತಂದಿತು. 2016ರಲ್ಲಿ ಯುಪಿಐ ಬಂತು, ಜಿಯೋದಿಂದಾಗಿ ಡೇಟಾ ಅಗ್ಗವಾಯಿತು. ಕಾರ್ಡ್ ಇಲ್ಲದವರ ಕೈಗೂ ಅಂಗಡಿ ಸಿಕ್ಕಿತು.

ಉಳಿದದ್ದು ಭಾಷೆ. ಇಂಗ್ಲಿಷ್ ಓದಲು ಬಾರದವರಿಗೆ ಮಾರುವುದು ಹೇಗೆ ಎಂಬ ಲೆಕ್ಕ ಶುರುವಾಯಿತು. ಮೊದಲು ಹಿಂದಿ ಬಂತು. ಫ್ಲಿಪ್‌ಕಾರ್ಟ್ 2020ರ ಜೂನ್‌ನಲ್ಲಿ ಕನ್ನಡ, ತಮಿಳು, ತೆಲುಗು ಸೇರಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆಜಾನ್ ಕೂಡ ಕನ್ನಡಕ್ಕೆ ಬಂತು. ಬೆಂಗಳೂರಿನಲ್ಲೇ ಹುಟ್ಟಿದ ಅಂಗಡಿಗೆ ಕನ್ನಡ ಕಲಿಯಲು ಸುಮಾರು ಹದಿಮೂರು ವರ್ಷ ಬೇಕಾಯಿತು ನೋಡಿ.

ಪಲ್ಲಾವರಂನಲ್ಲಿ ತರಕಾರಿ ಕೊಳ್ಳಲು ನಾವು ತಮಿಳು ಕಲಿಯಬೇಕು, ಕಲಿಯುವುದೇ ಚೆಂದ. ಆದರೆ ಇಲ್ಲಿ ಕೂತು ಕನ್ನಡದಲ್ಲೇ ವ್ಯಾಪಾರ ಮಾಡಬಹುದಾದ ಅಂಗಡಿ ನಮ್ಮ ಮೊಬೈಲಿನೊಳಗಿದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಕನ್ನಡಕ್ಕೆ ಬದಲಿಸಿದ್ದೇವೆ? ಸಾಫ್ಟ್‌ವೇರ್ ಕೆಲಸದವನಾಗಿ ನನಗೆ ಗೊತ್ತಿರುವ ಮಾತೊಂದಿದೆ: ಬಳಕೆದಾರರೇ ಇಲ್ಲದ ಸೌಲಭ್ಯಕ್ಕೆ ಕಂಪನಿಯಲ್ಲಿ ಜನವೂ ಇರುವುದಿಲ್ಲ, ಹಣವೂ ಇರುವುದಿಲ್ಲ. ಅನುವಾದ ಕೆಲವೆಡೆ ನಗು ತರಿಸುತ್ತದೆ, ನಿಜ. ಆದರೆ ನಕ್ಕು ಇಂಗ್ಲಿಷಿಗೆ ಮರಳಿದರೆ ಅದು ಹಾಗೇ ಉಳಿಯುತ್ತದೆ. ತಪ್ಪು ಕಂಡಲ್ಲಿ ದೂರು ಬರೆದರೆ ತಿದ್ದುವವರಿಗೆ ಕಾರಣ ಸಿಗುತ್ತದೆ.

ಕೇಳುವ ಹಕ್ಕು ಕಾನೂನಿನಲ್ಲೂ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ನಮ್ಮ ದೂರು ತಲುಪಿದೆಯೆಂದು ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಹೊರನಾಡಿನವರಿಗೆ ಇನ್ನೊಂದು ಅನುಕೂಲ ಮುಖ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಮಾರಿದವರು ದೆಹಲಿಯಲ್ಲಿರಲಿ ಬೆಂಗಳೂರಿನಲ್ಲಿರಲಿ, ನಾವು ವಾಸವಿರುವ ಅಥವಾ ಕೆಲಸ ಮಾಡುವ ಊರಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.

ಸಂತೆಯಲ್ಲಿ ಬಾಯಿ ಬಿಟ್ಟು ಕೇಳಿದವರಿಗೆ ಮಾತ್ರ ಬೆಲೆ ಇಳಿಯುತ್ತದೆ. ಆನ್‌ಲೈನ್ ಅಂಗಡಿಯಲ್ಲಿ ಬೆಲೆಯ ಚೌಕಾಸಿ ಇಲ್ಲ, ಭಾಷೆಯ ಚೌಕಾಸಿ ಇದೆ. ಈ ವಾರ ಏನನ್ನಾದರೂ ಕೊಳ್ಳುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಆರಿಸಿ ನೋಡಿ. ಅದಕ್ಕೆ ಒಂದು ನಿಮಿಷ ಸಾಕು.