ಎಲೆಗೆ ತೂತು ಬಿದ್ದರೆ ಗಿಡ ಕೆಟ್ಟಿತೇ?

ದೇಸಿ ಗಿಡಗಳ ಕೈತೋಟ: ತಪ್ಪು ಕಲ್ಪನೆ ಮತ್ತು ಸತ್ಯ

ದೇಸಿ ಗಿಡ ನೆಡಿ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಆದರೆ ಯಾವುದು ದೇಸಿ, ಅದನ್ನು ಹೇಗೆ ನೋಡಿಕೊಳ್ಳಬೇಕು, ನೆಟ್ಟರೆ ಯಾರಿಗೆ ಉಪಯೋಗ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಿತ್ತಲಲ್ಲೂ ತಾರಸಿಯಲ್ಲೂ ಪದೇ ಪದೇ ಕೇಳಿಬರುವ ಕೆಲವು ನಂಬಿಕೆಗಳನ್ನು ಇಲ್ಲಿ ಒರೆಗೆ ಹಚ್ಚಿದೆ.

ತಪ್ಪು ಕಲ್ಪನೆ 1: ಪೂಜೆಗೆ ಬಳಸುವ ಹೂವು, ಹಣ್ಣುಗಳೆಲ್ಲ ನಮ್ಮ ನೆಲದವೇ.

ಸತ್ಯ: ದಸರಾ, ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡು ಹೂವಿನ ತವರು ಮೆಕ್ಸಿಕೊ ಸೀಮೆ. ದೇವಸ್ಥಾನಗಳ ಅಂಗಳದಲ್ಲಿ ಕಾಣುವ ದೇವಗಣಗಿಲೆಯೂ ಆ ಕಡೆಯದೇ. ಸೀತಾಫಲ, ಸೀಬೆ, ಪಪ್ಪಾಯ, ಟೊಮೆಟೊ ಹುಟ್ಟಿದ್ದು ಅಮೆರಿಕ ಖಂಡಗಳಲ್ಲಿ. ಮೆಣಸಿನಕಾಯಿಯೂ ಅಲ್ಲಿನದೇ, ಅದನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಬೇಸಿಗೆಯಲ್ಲಿ ರಸ್ತೆಗಳನ್ನು ಕೆಂಪಾಗಿಸುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಕನಕಾಂಬರ, ಕೇಪಳ, ಸಂಪಿಗೆ, ಪಾರಿಜಾತ, ಕರಿಬೇವು ಮಾತ್ರ ನಿಜಕ್ಕೂ ನಮ್ಮ ಕಡೆಯವು. ದೇಸಿ ಗಿಡಗಳ ಹೂವಿಗೆ ಅಂದವಿಲ್ಲ ಎನ್ನುವವರು ಈ ಪಟ್ಟಿಯನ್ನು ಇನ್ನೊಮ್ಮೆ ಓದಿಕೊಳ್ಳಲಿ.

ತಪ್ಪು ಕಲ್ಪನೆ 2: ಹಾಗಾದರೆ ಹೊರಗಿನಿಂದ ಬಂದದ್ದನ್ನೆಲ್ಲ ಕಿತ್ತೆಸೆಯಬೇಕು.

ಸತ್ಯ: ಬೇಕಿಲ್ಲ. ಪರದೇಶದ ಗಿಡವೇ ಬೇರೆ, ಆಕ್ರಮಣಕಾರಿ ಗಿಡವೇ ಬೇರೆ. ಹಿತ್ತಲಿನ ಟೊಮೆಟೊ ಕಾಡಿಗೆ ನುಗ್ಗಿ ಹುಲ್ಲುಗಾವಲನ್ನು ನುಂಗುವುದಿಲ್ಲ. ಲಂಟಾನ ನುಂಗಿದೆ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅದನ್ನು ತಂದದ್ದು ಉದ್ಯಾನದ ಅಲಂಕಾರಕ್ಕೆಂದು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಇಂದು ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಅದರ ಪೊದೆ ದಟ್ಟವಾಗಿ ಹಬ್ಬಿ, ಜಿಂಕೆ, ಕಾಟಿಗಳಿಗೆ ಬೇಕಾದ ಹುಲ್ಲಿಗೆ ಜಾಗವೇ ಇಲ್ಲದಂತಾಗಿದೆ. ಬೇಸಿಗೆಯಲ್ಲಿ ಒಣಗಿದ ಪೊದೆಗಳು ಕಾಳ್ಗಿಚ್ಚಿಗೆ ಸೌದೆಯಾಗುತ್ತವೆ.

ಕೆರೆಗಳನ್ನು ಮುಚ್ಚಿರುವ, ನೇರಳೆ ಹೂವಿನ ಅಂತರಗಂಗೆಯೂ ಚಂದಕ್ಕೆಂದು ಬಂದದ್ದೇ. ಈಗ ಸರದಿ ವೆಡೆಲಿಯಾದ್ದು. ಕಾಂಪೌಂಡಿನ ಅಂಚಿಗೆ ಹಳದಿ ಹೂವಿನ ಹಾಸು ಬೇಕೆಂದು ಜನ ಇದನ್ನು ನೆಡುತ್ತಾರೆ. ಇದರ ಕಾಂಡದ ತುಂಡು ಬಿದ್ದಲ್ಲೇ ಬೇರು ಬಿಡುತ್ತದೆ. ಕತ್ತರಿಸಿದ ಬಳ್ಳಿಯನ್ನು ರಸ್ತೆ ಬದಿಯ ಚರಂಡಿಗೆ ಎಸೆದರೆ ಅಲ್ಲಿಂದ ಗದ್ದೆ, ತೋಟಗಳತ್ತ ಹೊರಡುತ್ತದೆ. ಕೈತೋಟದಿಂದ ತೆಗೆಯಬೇಕಾದ್ದು ಇಂಥವನ್ನು.

ತಪ್ಪು ಕಲ್ಪನೆ 3: ಎಲೆಯಲ್ಲಿ ತೂತು ಕಂಡರೆ ಗಿಡಕ್ಕೆ ರೋಗ, ತಕ್ಷಣ ಔಷಧಿ ಹೊಡೆಯಬೇಕು.

ಸತ್ಯ: ಕರಿಬೇವಿನ ಚಿಗುರನ್ನು ಒಮ್ಮೆ ಹತ್ತಿರದಿಂದ ನೋಡಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಒರೆಸುವ ಮುನ್ನ ತುಸು ಕಾಯಿರಿ, ಅದು ನಡೆದಾಡಬಹುದು. ನಿಂಬೆ ಚಿಟ್ಟೆಯ, ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳುಗಳು ಮೊದಮೊದಲು ಹೀಗೆ ವೇಷ ಮರೆಸಿಕೊಂಡೇ ಹಕ್ಕಿಗಳ ಕಣ್ಣು ತಪ್ಪಿಸುತ್ತವೆ. ಬೆಳೆದ ಮೇಲೆ ಎಲೆಯದೇ ಹಸಿರು. ಬೆರಳು ತಗುಲಿಸಿದರೆ ತಲೆಯ ಹಿಂದಿನಿಂದ ಕೆಂಪು ಕವಲುಗೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತವೆ. ಒಗ್ಗರಣೆಗೆ ಎಲೆ ಉಳಿಯಲಿಲ್ಲ ಎಂದು ಗೊಣಗುವಷ್ಟರಲ್ಲಿ ಹುಳು ಕೋಶ ಕಟ್ಟಿರುತ್ತದೆ, ಗಿಡ ಮತ್ತೆ ಚಿಗುರುತ್ತದೆ. ಬಲಿತ ಗಿಡಕ್ಕೆ ಇದರಿಂದ ಹಾನಿಯಿಲ್ಲ. ತೀರ ಎಳೆಯ ಸಸಿಯಾದರೆ ಹುಳುಗಳನ್ನು ಪಕ್ಕದ ನಿಂಬೆ ಗಿಡಕ್ಕೆ ಬಿಟ್ಟರಾಯಿತು.

ತಪ್ಪು ಕಲ್ಪನೆ 4: ಮಕರಂದವಿರುವ ಹೂಗಿಡ ನೆಟ್ಟರೆ ಚಿಟ್ಟೆಗಳ ಸಂತತಿ ಬೆಳೆಯುತ್ತದೆ.

ಸತ್ಯ: ಮಕರಂದಕ್ಕೆ ಚಿಟ್ಟೆ ಯಾವ ಹೂವಿಗಾದರೂ ಬಂದೀತು, ಲಂಟಾನಕ್ಕೂ ಬರುತ್ತದೆ. ಮರಿಹುಳುವಿಗೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಹುಳು ಈಶ್ವರಿ ಬಳ್ಳಿ ಹಾಗೂ ಅದರ ಹತ್ತಿರದ ಸಂಬಂಧಿಗಳ ಎಲೆಯನ್ನಷ್ಟೇ ತಿನ್ನುತ್ತದೆ. ಬೇಲಿಯ ಬಳ್ಳಿ ಕಿತ್ತರೆ, ಅಂಗಳದ ತುಂಬ ಹೂವಿದ್ದರೂ ಆ ಚಿಟ್ಟೆಗೆ ಮೊಟ್ಟೆಯಿಡಲು ಜಾಗವಿಲ್ಲ. ಕಳೆಯೆಂದು ನಾವು ಕಡಿಯುವ ಎಕ್ಕದ ಗಿಡವೂ ಪ್ಲೇನ್ ಟೈಗರ್ ಚಿಟ್ಟೆಯ ಹುಳುವಿಗೆ ಊಟ.

ತಪ್ಪು ಕಲ್ಪನೆ 5: ಬೇವಿನೆಣ್ಣೆ ಸಾವಯವ, ಎಷ್ಟು ಸಿಂಪಡಿಸಿದರೂ ಅಪಾಯವಿಲ್ಲ.

ಸತ್ಯ: ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಹುಳು ಪೊರೆ ಕಳಚಿ ಬೆಳೆಯುವುದನ್ನೇ ತಡೆಯುತ್ತದೆ. ಅದಕ್ಕೆ ಎಲೆ ತಿನ್ನುವ ಕೀಟ ಯಾವುದು, ಚಿಟ್ಟೆಯ ಹುಳು ಯಾವುದು ಎಂಬ ಭೇದವಿಲ್ಲ. ಹಿಟ್ಟುತಿಗಣೆಯಂಥ ಕಾಟ ಹೆಚ್ಚಿದ್ದಲ್ಲಿ ಮಾತ್ರ, ತುಡುವೆ, ಮುಜಂಟಿ ಜೇನುಗಳು ಗೂಡು ಸೇರಿದ ಮೇಲೆ, ಸಂಜೆ ಹೊತ್ತು ಬಳಸಿ. ಸ್ವಲ್ಪವೇ ಇದ್ದರೆ ಜೋರಾಗಿ ನೀರು ಹಾಯಿಸಿದರೆ ಸಾಕು.

ತಪ್ಪು ಕಲ್ಪನೆ 6: ದೇಸಿ ಗಿಡ ಎಲ್ಲಿ ನೆಟ್ಟರೂ, ನೀರಿಲ್ಲದೆಯೂ ಬರುತ್ತದೆ.

ಸತ್ಯ: ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಚಳ್ಳಕೆರೆಯಲ್ಲಿ 500ರ ಆಸುಪಾಸು. ಎರಡೂ ಕರ್ನಾಟಕವೇ ಆದರೂ ಒಂದರ ಗಿಡ ಇನ್ನೊಂದಕ್ಕೆ ಹೊರಗಿನದು. ಮಲೆನಾಡಿನ ಮುರುಗಲನ್ನು ಬಯಲುಸೀಮೆಯಲ್ಲಿ ನೆಟ್ಟು ಸೊರಗಿಸುವ ಬದಲು ಅಲ್ಲಿನದೇ ತಂಗಡಿ, ಲಕ್ಕಿ, ಬಂದರಿಕೆಗಳನ್ನು ನೆಡಿ. ಯಾವ ಸಸಿಗಾದರೂ ಬೇರು ಇಳಿಯುವವರೆಗೆ, ಕನಿಷ್ಠ ಮೊದಲ ಬೇಸಿಗೆ ಕಳೆಯುವವರೆಗೆ ನೀರು ಬೇಕು. ಕುಂಡದ ಗಿಡಕ್ಕೆ ಬೇರು ಆಳಕ್ಕಿಳಿಯುವ ದಾರಿಯೇ ಇಲ್ಲ, ಹಾಗಾಗಿ ಅದಕ್ಕೆ ಎಂದಿಗೂ ನೀರು ಬೇಕು. ಬುಡಕ್ಕೆ ತರಗೆಲೆ ಹೊದಿಸಿದರೆ ತೇವ ಬೇಗ ಆರುವುದಿಲ್ಲ.

ತಪ್ಪು ಕಲ್ಪನೆ 7: ನಾಟಿ ಔಷಧಿ ಗಿಡ ತಿಂದರೆ ಏನೂ ಆಗುವುದಿಲ್ಲ.

ಸತ್ಯ: ಗೌರಿ ಹೂವಿನ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ, ತಿಂದರೆ ಪ್ರಾಣಕ್ಕೇ ಕುತ್ತು. ಈಶ್ವರಿ ಬಳ್ಳಿಯ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ. ಎರಡನ್ನೂ ಧಾರಾಳವಾಗಿ ಬೆಳೆಸಿ; ಪುಟ್ಟ ಮಕ್ಕಳು, ಸಾಕುಪ್ರಾಣಿಗಳಿಗೆ ಎಟುಕದಂತೆ ನೋಡಿಕೊಳ್ಳಿ, ಮನೆಮದ್ದಿಗೆ ಬಳಸಬೇಡಿ.

ಈ ಮಳೆಗಾಲದಲ್ಲಿ ಸಸಿ ತರುವಾಗ ಹೂವಿನ ಬಣ್ಣದ ಜೊತೆಗೆ ಇನ್ನೊಂದು ವಿಷಯ ವಿಚಾರಿಸಿ: ಇದರ ಎಲೆ, ಹೂವು, ಹಣ್ಣು ನಮ್ಮ ಊರಿನ ಯಾವ ಜೀವಿಗೆ ಆಹಾರ? ಕಾಡಿನಿಂದ ಗಿಡ ಕಿತ್ತು ತರಬೇಡಿ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ಬೆಲೆಗೆ ಸಸಿ ಸಿಗುತ್ತವೆ. ಜಾಗ ಕಡಿಮೆಯೆಂದರೆ ಬಾಲ್ಕನಿಯಲ್ಲಿ ಒಂದು ಕುಂಡ ಕರಿಬೇವು ಸಾಕು. ಅರ್ಧ ಎಲೆ ನಿಮಗಿರಲಿ, ಅರ್ಧ ಹುಳುವಿಗೆ ಬಿಡಿ.