ಅಳೆಯುವ ಗೇಜಿಗೂ ಒಂದು ಅಳತೆ ಬೇಕು



ಸಂತ್ಯಾಗ ಜೋಳ ಕೊಳ್ಳುವಾಗ ನೀವು ಜೋಳವನ್ನಷ್ಟೇ ನೋಡುವುದಿಲ್ಲ. ಅಳೆಯುವ ಸೇರನ್ನೂ ನೋಡುತ್ತೀರಿ. ಸೇರು ಸಣ್ಣದಿದ್ದರೆ ಜೋಳ ಎಷ್ಟು ಚಲೋ ಇದ್ದರೂ ನಷ್ಟವೇ. ಕಾರ್ಖಾನೆಯಲ್ಲೂ ಇದೇ ಮಾತು. ಅಲ್ಲಿ ಸೇರಿನ ಜಾಗದಲ್ಲಿ ಗೇಜು ಇರುತ್ತದೆ.

ನಮ್ಮ ಜತ್ತ ತಾಲೂಕಿನ ಎಷ್ಟೋ ಹುಡುಗರು ಸಾಂಗ್ಲಿ, ಮಿರಜ, ಕೊಲ್ಲಾಪುರ ಕಡೆ ಲೇತ್ ಕೆಲಸಕ್ಕೆ ಹೋಗುತ್ತಾರೆ. ಅವರೂ, ಅವರ ಮನೆಯವರೂ ಇದನ್ನು ಓದಬೇಕು.

ಗೇಜು ಅಂದರೇನು?

ಬಾವಿಯ ಪಂಪಿನಲ್ಲಿ ಬೇರಿಂಗ್ ಕೂಡುವ ಒಂದು ತೂತು ಇರುತ್ತದೆ. 6205 ನಂಬರಿನ ಬೇರಿಂಗಿನ ಹೊರಸುತ್ತು 52 ಮಿ.ಮೀ. ಅದು ಕೂಡುವ ತೂತಿಗೆ ನಕ್ಷೆಯಲ್ಲಿ '52 ಎಚ್7' ಎಂದು ಬರೆದಿದ್ದರೆ, ತೂತು 52.000 ರಿಂದ 52.030 ಮಿ.ಮೀ. ಒಳಗೆ ಇರಬೇಕು. ಈ ಅಂತರ ತಲೆಗೂದಲಿನ ದಪ್ಪದ ಅರ್ಧದಷ್ಟೂ ಇಲ್ಲ! ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಎರಡು ತುದಿಯ ಗೇಜು. 'ಗೋ' ತುದಿ ತೂತಿನೊಳಗೆ ಹೋಗಬೇಕು. 'ನೋ-ಗೋ' ತುದಿ ಹೋಗಬಾರದು. ಈ ತುದಿಗೆ ಸಾಮಾನ್ಯವಾಗಿ ಕೆಂಪು ಗುರುತು ಇರುತ್ತದೆ. 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಇಂಥ ಗೇಜುಗಳ ನಿಯಮ ಹೇಳಿಕೊಟ್ಟರು.

ನಮ್ಮ ಜಿಲ್ಲೆಯ ಕಿರ್ಲೋಸ್ಕರವಾಡಿಯನ್ನು ಲಕ್ಷ್ಮಣರಾವ್ ಕಿರ್ಲೋಸ್ಕರರು ಕಟ್ಟಿದ್ದು 1910ರಲ್ಲಿ. ಅಲ್ಲಿಯ ಪಂಪುಗಳು ಊರೂರಿಗೆ ಹೋಗಿವೆ. ಪಂಪು ಒಂದೂರಿನದು, ಬೇರಿಂಗ್ ಇನ್ನೊಂದೂರಿನದು. ಆದರೂ ಸರಿಯಾಗಿ ಕೂಡುತ್ತವೆ. ಯಾಕಂದ್ರ ಎಲ್ಲರೂ ಒಂದೇ ಅಳತೆಯ ಮಾತು ಕೇಳುತ್ತಾರೆ.

ಜಗಳ ಎಲ್ಲಿ ಹುಟ್ಟುತ್ತದೆ?

ನಮ್ಮ ಸಂಜೆ ವರ್ಗಕ್ಕೆ ಬರುತ್ತಿದ್ದ ಒಬ್ಬ ತರುಣ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇಂಥ 40 ನಗ ಮಾಡಿದ. ಅವನ ಗೇಜು ಎಲ್ಲದರಲ್ಲೂ ಹೋಯಿತು. ಕೊಳ್ಳುವವರ ಗೇಜು 12ರಲ್ಲಿ ಹೋಗಲಿಲ್ಲ. ಮಾಲು ವಾಪಸ್ ಬಂತು. ಅವನ ಎರಡು ದಿನದ ಪಗಾರ ಕಡಿತವಾಯಿತು. "ಅಕ್ಕಾರ, ನಂದೇನ್ ತಪ್ಪು?" ಅಂತ ಕೇಳಿದ.

ತಪ್ಪು ಅವನದಲ್ಲ. ಅವನ ಗೇಜಿನ 'ಗೋ' ತುದಿ 52.001 ಇತ್ತು. ಅವರದು 52.005. ತೂತು 52.003 ಇದ್ದರೆ ಒಂದು ಗೇಜು 'ಪಾಸ್' ಅನ್ನುತ್ತದೆ, ಇನ್ನೊಂದು 'ನಾಪಾಸ್' ಅನ್ನುತ್ತದೆ. ಎರಡೂ ಸುಳ್ಳಲ್ಲ! ಗೇಜು ಸವೆಯುತ್ತದೆಂದು ಕೆಲವು ನಿಯಮಗಳು 'ಗೋ' ತುದಿಯನ್ನು ಮೊದಲೇ ತುಸು ದಪ್ಪ ಇಡುತ್ತವೆ. ಎಷ್ಟು ದಪ್ಪ ಎಂಬುದು ಒಂದೊಂದು ನಿಯಮದಲ್ಲಿ ಒಂದೊಂದು ತರ. ಈ ನಿಯಮಕ್ಕೇ 'ಮಾನಕ' ಎನ್ನುತ್ತಾರೆ. ಯಾವ ಮಾನಕದ ಗೇಜು ಎಂದು ಆರ್ಡರಿನಲ್ಲಿ ಯಾರೂ ಬರೆದಿರಲಿಲ್ಲ.

ಮಾನಕ ಆರಿಸುವುದು ಹೇಗೆ?

1. ಮೊದಲು ನಕ್ಷೆ ಮತ್ತು ಆರ್ಡರ್ ಓದಿರಿ. ಅಲ್ಲಿ ಮಾನಕದ ಹೆಸರಿದ್ದರೆ ಅದೇ ಅಂತಿಮ.

2. ಹೆಸರಿಲ್ಲದಿದ್ದರೆ ಕೊಳ್ಳುವವರನ್ನು ಕೇಳಿರಿ. ಉತ್ತರವನ್ನು ಬರೆಸಿಕೊಳ್ಳಿರಿ. ಬಾಯಿಮಾತು ಬ್ಯಾಡ.

3. ಎಚ್7 ಎಂಬ ಗುರುತು ಭಾರತದ ಐಎಸ್ 919ರಲ್ಲಿದೆ. ಅದಕ್ಕೆ ಜೋಡಿಯಾದ ಗೇಜಿನ ಮಾನಕ ಐಎಸ್ 3455. ಮಾಲು ಹೊರದೇಶಕ್ಕೆ ಹೋಗುವುದಾದರೆ ಐಎಸ್‌ಒ 1938 ಅಥವಾ ಅಮೆರಿಕದ ಎಎಸ್‌ಎಂಇ ಮಾನಕ ಕೇಳಬಹುದು.

4. ಅರ್ಧ ಒಂದು ಮಾನಕ, ಅರ್ಧ ಇನ್ನೊಂದು ಮಾಡಬೇಡಿರಿ. ನಟ್ಟು-ಬೋಲ್ಟಿನ ಥ್ರೆಡ್ಡಿಗೆ ಬೇರೆಯೇ ಮಾನಕ ಇದೆ.

5. ಗೇಜನ್ನು ಆಗಾಗ ತಪಾಸಣೆ ಮಾಡಿಸಿರಿ. ಸವೆದ ಗೇಜು ಕಳ್ಳ ಸೇರಿದ್ದಂತೆ.

ಬಂಧುಗಳೇ, ಗೇಜಿನ ಮೈಮೇಲೆ ಅಂಕಿ, ಅಕ್ಷರ ಕೊರೆದಿರುತ್ತಾರೆ. ಅದನ್ನು ಓದಬಲ್ಲವನು ಕೇಳಬಲ್ಲ. ಕೇಳಬಲ್ಲವನ ಪಗಾರ ಸುಮ್ಮನೆ ಕಡಿಯುವುದು ಸುಲಭವಲ್ಲ.

ಹೇಳಿ ನೋಡೋಣ

1. 'ನೋ-ಗೋ' ತುದಿ ತೂತಿನೊಳಗೆ ಹೋದರೆ ಏನರ್ಥ?
2. ತೂತು 52.003 ಇದ್ದಾಗ ಎರಡು ಗೇಜುಗಳು ಬೇರೆ ಬೇರೆ ಮಾತು ಹೇಳಿದ್ದು ಏಕೆ?
3. ನಿಮ್ಮ ಮನೆಯ ಪಂಪಿನ ಮೇಲೆ ಯಾವ ಐಎಸ್ ಅಂಕಿ ಇದೆ? ನೋಡಿ ಬರೆಯಿರಿ.