ಅದಿರಿನೊಳಗಿನ ನೀರು ಹುಡುಕುವವರು

2009ರ ಜುಲೈನಲ್ಲಿ ನವಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟ ‘ಏಷಿಯನ್ ಫಾರೆಸ್ಟ್’ ಹಡಗು ಮಂಗಳೂರಿನ ಕಡಲಲ್ಲೇ ವಾಲಿ ಮುಳುಗಿತು. ಸಿಬ್ಬಂದಿ ಪಾರಾದರು. ಸೆಪ್ಟೆಂಬರ್‌ನಲ್ಲಿ ಪಾರಾದೀಪದ ಬಳಿ ಅದೇ ಸರಕು ಹೊತ್ತ ‘ಬ್ಲ್ಯಾಕ್ ರೋಸ್’ ಮುಳುಗಿತು. ಎರಡೂ ಮಳೆಗಾಲದಲ್ಲೇ.

ಕಡಲು ಕಾಣದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಒಕ್ಕಲಿಗರಿಗೆ ಇದರ ಕಾರಣ ಬೇಗ ತಿಳಿಯುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಹಸಿ ಎರೆಮಣ್ಣನ್ನು ಎತ್ತುಗಳು ತುಳಿದಷ್ಟೂ ಅದು ರಾಡಿಯಾಗುತ್ತದಲ್ಲ, ಹಡಗಿನೊಳಗೂ ಹಾಗೆಯೇ. ಎಂಜಿನ್ನಿನ ನಡುಕಕ್ಕೆ, ಅಲೆಯ ತೂಗಾಟಕ್ಕೆ ಪುಡಿ ಒತ್ತಿಕೊಳ್ಳುತ್ತದೆ. ಕಣಗಳ ನಡುವಿನ ನೀರಿಗೆ ಹೋಗಲು ಜಾಗವಿಲ್ಲದೆ ಅದರ ಒತ್ತಡ ಏರುತ್ತದೆ. ಕಣಗಳ ಹಿಡಿತ ಬಿಟ್ಟು ಇಡೀ ರಾಶಿ ಹರಿಯತೊಡಗುತ್ತದೆ. ಹಡಗು ಒಂದು ಮಗ್ಗುಲಿಗೆ ಹೊರಳಿದಾಗ ಅತ್ತ ಜಾರಿದ ಸರಕು ಮರುಹೊರಳಿಗೆ ಪೂರ್ತಿ ಹಿಂತಿರುಗುವುದಿಲ್ಲ. ವಾಲುವುದು ಹೆಚ್ಚುತ್ತಲೇ ಹೋಗುತ್ತದೆ.

ಇದನ್ನು ದಡದಲ್ಲೇ ತಡೆಯುವ, ಸರಕಿನ ತೇವ ಪರೀಕ್ಷಿಸುವ ಸರ್ವೇಯರರ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬಿಸಿಲಿಗೆ ಒಣಗಿದ ಮೇಲ್ಪದರದಿಂದ ಮುಷ್ಟಿ ಪುಡಿ ಎತ್ತಿದರೆ ತೇವ ಕಡಿಮೆಯೆಂಬ ಪ್ರಮಾಣಪತ್ರ ಸುಲಭವಾಗಿ ಸಿಗುತ್ತದೆ. ಆದರೆ ಅದು ಸುಳ್ಳು ಪತ್ರ. ಬಲ್ಲವರು ರಾಶಿಯ ಹಲವು ಕಡೆ, ಆಳಕ್ಕೆ ಅಗೆದು ಮಾದರಿ ತೆಗೆಯುತ್ತಾರೆ, ತೇವ ಆರದಂತೆ ಚೀಲ ಬಿಗಿದು ಮುದ್ರೆ ಹಾಕುತ್ತಾರೆ. ಯಾವ ತೇವಕ್ಕೆ ಪುಡಿ ಹರಿಯುತ್ತದೆಂದು ಪ್ರಯೋಗಾಲಯ ಕಂಡುಹಿಡಿಯುತ್ತದೆ. ಅದರ 90 ಪ್ರತಿಶತವೇ ಸಾಗಣೆಯ ಮಿತಿ. ಸರಕಿನ ತೇವ ಆ ಗೆರೆಯೊಳಗಿದ್ದರೆ ಮಾತ್ರ ಸಾಮಾನ್ಯ ಹಡಗಿಗೆ ಏರಿಸಬಹುದು. ಘನ ಸರಕುಗಳ ಅಂತರರಾಷ್ಟ್ರೀಯ ಸಂಹಿತೆ 2011ರ ಜನವರಿ 1ರಿಂದ ಕಡ್ಡಾಯವಾಗಿದೆ.

ಹಡಗಿನ ಮೇಲೆಯೇ ಮಾಡುವ ಪರೀಕ್ಷೆ ಇನ್ನೂ ಸರಳ. ಅರ್ಧದಿಂದ ಒಂದು ಲೀಟರಿನ ಡಬ್ಬಿಗೆ ಅರ್ಧ ಅದಿರು ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ಮೇಜಿಗೆ 25 ಸಲ ಕುಟ್ಟುತ್ತಾರೆ. ಮೇಲೆ ನೀರು ಮಿನುಗಿದರೆ ಸರಕಿನ ಮಾದರಿ ಮತ್ತೆ ಪ್ರಯೋಗಾಲಯಕ್ಕೆ ಹೋಗಬೇಕು. ನೀರು ಕಾಣಲಿಲ್ಲವೆಂದು ಒಪ್ಪಿಗೆ ಕೊಡುವಂತಿಲ್ಲ. ಈ ಡಬ್ಬಿ ಎಚ್ಚರಿಸಬಲ್ಲದು, ಭರವಸೆ ಕೊಡಲಾರದು.

ತೇವದ ಪರೀಕ್ಷೆಗೂ ಸರಕು ಏರಿಸುವುದಕ್ಕೂ ನಡುವೆ ಏಳು ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಅಷ್ಟರೊಳಗೆ ರಾಶಿಯ ಮೇಲೆ ಜೋರು ಮಳೆ ಸುರಿದರೆ ಹಳೆಯ ಅಂಕಿ ನಡೆಯುವುದಿಲ್ಲ. ಮತ್ತೆ ಅಗೆಯಬೇಕು, ಮತ್ತೆ ಅಳೆಯಬೇಕು, ಹಡಗು ಕಾಯಬೇಕು.